ಸೆಕೆಂಡ್ ಹ್ಯಾಂಡ್ ಟೆಸ್ಟ್ ಉಪಕರಣ: "ಆನ್ ಆಗುತ್ತೆ" ಅಂದ್ರೆ ಸಾಕಾ? ಹೋಗಿ ನೋಡೋವಾಗ ಏನೇನು ಪರೀಕ್ಷಿಸಬೇಕು?

ಬೀಟ್‌ನೋಟ್
ನಮಸ್ಕಾರ. 5 ವ್ಯಾಟ್‌ನ ಎಚ್‌ಎಫ್ (ಶಾರ್ಟ್‌ವೇವ್) ಹ್ಯಾಮ್ ರೇಡಿಯೊ ಟ್ರಾನ್ಸೀವರ್ ಕಟ್ಟೋ ಕೆಲಸ ನಡೀತಿದೆ. ಮುಂದೆ 100 ವ್ಯಾಟ್ ಲೀನಿಯರ್ (ಪವರ್ ಆಂಪ್ಲಿಫೈಯರ್) ಸೇರಿಸೋ ಯೋಚನೆಯೂ ಇದೆ. ಸದ್ಯ ಇರೋದು ಒಂದು ಮಲ್ಟಿಮೀಟರ್, ಒಂದು ನ್ಯಾನೊವಿಎನ್‌ಎ (ಆಂಟೆನಾ, ಫಿಲ್ಟರ್ ಅಳೆಯೋ ಪುಟ್ಟ ಉಪಕರಣ), ಅಷ್ಟೇ. ಒಬ್ಬರ ಹತ್ರ ಮೂರು ಹಳೆ ಸಾಮಾನು ಮಾರಾಟಕ್ಕಿವೆ: ಎಚ್‌ಪಿ 8640ಬಿ ಸಿಗ್ನಲ್ ಜನರೇಟರ್, ಟೆಕ್ಟ್ರಾನಿಕ್ಸ್ 465 ಸ್ಕೋಪ್, 100ಎಚ್ ಸ್ಲಗ್ (ಅಳೆಯೋ ಪವರ್, ಬ್ಯಾಂಡ್ ನಿಗದಿ ಮಾಡೋ, ತೆಗೆದು ಹಾಕೋ ತುಂಡು) ಇರೋ ಬರ್ಡ್ 43 ವ್ಯಾಟ್‌ಮೀಟರ್. "ಆನ್ ಆಗುತ್ತೆ, ಅದಕ್ಕಿಂತ ಹೆಚ್ಚು ಗೊತ್ತಿಲ್ಲ" ಅಂತಾರೆ. ಮೂರರಲ್ಲಿ ಮೊದಲು ಯಾವುದು? ನೋಡೋಕೆ ಅರ್ಧ ಗಂಟೆ ಕೊಡ್ತಾರಂತೆ.

ಐವತ್ತು_ಓಮ್
ಮೂರೂ ಅಲ್ಲ. ಮೊದಲು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗೋ ರೆಸಿಸ್ಟರ್), ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸೋದು). ಇವೆರಡು ಇಲ್ಲದೆ ಜನರೇಟರೋ ಅನಲೈಜರೋ ತಂದರೆ ಮೊದಲ ವಾರವೇ ಅದರ ಮೂತಿ ಸುಟ್ಟಿರುತ್ತೆ.

ಲೆಕ್ಕ ನೋಡಿ. 100 ವ್ಯಾಟ್ ಅಂದ್ರೆ +50 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ ಲೆಕ್ಕ). 10 ಡಿಬಿ ಪ್ಯಾಡ್ (ಪುಟ್ಟ ಅಟೆನ್ಯುಯೇಟರ್) ಹಾಕಿದರೆ ಆಚೆ ಬರೋದು 10 ವ್ಯಾಟ್, ಉಳಿದ 90 ವ್ಯಾಟನ್ನು ಆ ಪ್ಯಾಡೇ ನುಂಗಬೇಕು. ಹಾಗಾಗಿ ಸಾಲಿನಲ್ಲಿ ಮೊದಲನೆಯದು ದೊಡ್ಡದಿರಲಿ. 100 ವ್ಯಾಟ್ ತಾಳುವ 30 ಡಿಬಿ ಅಟೆನ್ಯುಯೇಟರ್ ಇದ್ದರೆ ಆಚೆ ಬರೋದು 0.1 ವ್ಯಾಟ್, ಆಮೇಲಿನವು ಪುಟ್ಟವಾದರೂ ನಡೆಯುತ್ತೆ. ಹಳೆ ಪವರ್ ಅಟೆನ್ಯುಯೇಟರ್‌ಗಳಲ್ಲಿ ಎಷ್ಟೋ ಒಂದೇ ದಿಕ್ಕಿನವು. "ಇನ್‌ಪುಟ್" ಅಂತ ಬರೆದ ಕಡೆಗೇ ಪವರ್ ಕೊಡಬೇಕು. ತಿರುಗಿಸಿ ಹಾಕಿದರೆ ಕೊನೆಯ ಪುಟ್ಟ ರೆಸಿಸ್ಟರ್ ಮೇಲೆ ಪೂರ್ತಿ ಹೊರೆ ಬಿದ್ದು ಕ್ಷಣದಲ್ಲಿ ಹೋಗುತ್ತೆ.

ಅದು ಸಿಗಲಿಲ್ಲವಾ, ಡಮ್ಮಿ ಲೋಡ್‌ಗೆ ನೀವೇ ಸ್ಯಾಂಪ್ಲರ್ (ಪವರಿನ ಚೂರು ಮಾತ್ರ ಹೊರಗೆ ಕೊಡೋ ಜೋಡಣೆ) ಕಟ್ಟಿ. ಲೋಡಿನ ಬಿಸಿ ತುದಿಯಿಂದ (ಗ್ರೌಂಡ್ ಕಡೆ ಅಲ್ಲ!) 820 ಓಮ್‌ನ ಮೂರು ರೆಸಿಸ್ಟರ್ ಸರಣಿಯಲ್ಲಿ, ಕೊನೆಗೆ ಬಿಎನ್‌ಸಿ ಕನೆಕ್ಟರ್, ಬಿಎನ್‌ಸಿಗೆ ಅಡ್ಡಲಾಗಿ 100 ಓಮ್‌ನ ಎರಡು ಪ್ಯಾರಲಲ್. ಅಳೆಯೋ ಉಪಕರಣದ 50 ಓಮ್ ಸೇರಿದಾಗ ಕೆಳಗಿನ ತೋಳು 25 ಓಮ್ ಆಗುತ್ತೆ. 25ನ್ನು 2485ರಿಂದ ಭಾಗಿಸಿದರೆ ಹತ್ತಿರ ಹತ್ತಿರ ನೂರರಲ್ಲಿ ಒಂದು, ಅಂದರೆ 40 ಡಿಬಿ. 100 ವ್ಯಾಟ್‌ನಲ್ಲಿ ಒಂದೊಂದು 820 ಓಮ್ ಮೇಲೂ ಸುಮಾರು 0.66 ವ್ಯಾಟ್ ಬೀಳುತ್ತೆ. 1 ವ್ಯಾಟ್‌ನವು ಸಾಕು, ಕೀ ಒತ್ತಿ ಹಿಡಿಯೋ ಅಭ್ಯಾಸ ಇದ್ದರೆ 2 ವ್ಯಾಟ್‌ನವು ಹಾಕಿ. ವೈರ್‌ವೌಂಡ್ ಬೇಡ. ಎಚ್‌ಎಫ್‌ವರೆಗೆ ಇದು ಚೆನ್ನಾಗಿ ನಡೆಯುತ್ತೆ. 2 ಮೀಟರ್ ಬ್ಯಾಂಡ್‌ನಲ್ಲಿ (144 ಮೆಗಾಹರ್ಟ್ಸ್) ರೆಸಿಸ್ಟರ್‌ಗಳ ಪಕ್ಕದ ಸೋರಿಕೆ ಕೆಪಾಸಿಟೆನ್ಸ್ ಲೆಕ್ಕ ಕೆಡಿಸುತ್ತೆ.

ಗೇರುಪೆಟ್ಟಿಗೆ
8640ಬಿ ವಿಷಯಕ್ಕೆ ಬರ್ತೀನಿ. ಕೈಗೆ ಸಿಕ್ಕಿದ ತಕ್ಷಣ ರೇಂಜ್ ನಾಬ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಪ್ರತಿ ಹಂತದಲ್ಲೂ ಟಕ್ ಅಂತ ಕೂರಬೇಕು, ಡಿಸ್ಪ್ಲೇಯಲ್ಲಿ ಫ್ರೀಕ್ವೆನ್ಸಿ ಎರಡರಷ್ಟು, ಇಲ್ಲಾ ಅರ್ಧ ಆಗ್ತಾ ಹೋಗಬೇಕು. ನಾಬ್ ತಿರುಗಿತು ಆದ್ರೆ ಫ್ರೀಕ್ವೆನ್ಸಿ ಅಲ್ಲೇ ನಿಂತಿತು ಅಂದ್ರೆ ಒಳಗೆ ಪ್ಲಾಸ್ಟಿಕ್ ಗೇರ್ ಸೀಳಿದೆ ಅಂತಲೇ ಅರ್ಥ. ಈ ಮಾದರಿಯ ಹೆಸರಾಂತ ಕಾಯಿಲೆ ಅದು. ಗೇರು ವಯಸ್ಸಾಗಿ ಕುಗ್ಗುತ್ತೆ, ಲೋಹದ ಹಬ್ ಕುಗ್ಗಲ್ಲ, ಬಿರುಕು ಬಿಡುತ್ತೆ. ಹಿತ್ತಾಳೆ ಗೇರು, 3ಡಿ ಪ್ರಿಂಟ್ ಗೇರು ಎರಡೂ ಮಾಡಿಕೊಳ್ಳೋರಿದ್ದಾರೆ. ಆದ್ರೆ ಮುಂದಿನ ಭಾಗ ಪೂರ್ತಿ ಬಿಚ್ಚಬೇಕು. ಒಂದು ವಾರಾಂತ್ಯ ಎತ್ತಿಟ್ಟುಕೊಳ್ಳಿ.

ಗೇರು ಸರಿಯಿದ್ದರೆ ಬಿಡಬೇಡಿ. 500 ಕಿಲೋಹರ್ಟ್ಸ್‌ನಿಂದ 512 ಮೆಗಾಹರ್ಟ್ಸ್, +19ರಿಂದ −145 ಡಿಬಿಎಂ. ಆಸಿಲೇಟರ್ ಕ್ಯಾವಿಟಿಯದ್ದು, ಫೇಸ್ ನಾಯ್ಸ್ (ಸ್ವರದ ಅಕ್ಕಪಕ್ಕದ ಗದ್ದಲ) ಬಹಳ ಕಡಿಮೆ. ರಿಸೀವರ್‌ನಲ್ಲಿ ಬ್ಲಾಕಿಂಗ್, ರೆಸಿಪ್ರೋಕಲ್ ಮಿಕ್ಸಿಂಗ್ (ಪಕ್ಕದ ಜೋರು ಸಿಗ್ನಲ್ ಎಷ್ಟು ಕಾಡುತ್ತೆ ಅನ್ನೋದು) ಅಳೆಯೋಕೆ ಅಗ್ಗದ ಸಿಂಥಸೈಸರ್ ತಂದ್ರೆ ಜನರೇಟರಿನ ಗದ್ದಲವನ್ನೇ ಅಳೆದು ರಿಸೀವರ್‌ಗೆ ಬೈದಂತಾಗುತ್ತೆ.

ಸಣ್ಣಪರದೆ
ಸರ್, 20 ಕಿಲೋ ಕಬ್ಬಿಣ ಹೊತ್ತು ತರೋದು ಯಾಕೆ? ನ್ಯಾನೊವಿಎನ್‌ಎ ಇದ್ದೇ ಇದೆ, ಜೊತೆಗೆ ಟೈನಿಎಸ್‌ಎ (ಪುಟ್ಟ ಸ್ಪೆಕ್ಟ್ರಮ್ ಅನಲೈಜರ್) ಇಟ್ಟುಕೊಂಡ್ರೆ ಮುಗೀತು. ಜೇಬಲ್ಲಿ ಹೋಗುತ್ತೆ.

ಗೇರುಪೆಟ್ಟಿಗೆ
ಫಿಲ್ಟರ್, ಆಂಟೆನಾ ನೋಡೋಕೆ ನ್ಯಾನೊವಿಎನ್‌ಎ ಚಿನ್ನ, ಒಪ್ಪಿದೆ. ರಿಸೀವರ್ ಸೂಕ್ಷ್ಮತೆ ಅಳೆಯೋಕೆ ಅದು ಬರಲ್ಲ. ಹೊರಗೆ ಬರೋದು ಸ್ಕ್ವೇರ್ ವೇವ್, ಹಳೆ ಮಾದರಿಯಲ್ಲಿ 300 ಮೆಗಾಹರ್ಟ್ಸ್ ದಾಟಿದ ಮೇಲೆ ಅಳತೆ ನಡೆಯೋದೇ ಹಾರ್ಮಾನಿಕ್ (ಮೂಲದ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿ) ಮೇಲೆ. ಮೈಕ್ರೋವೋಲ್ಟಿಗೆ ಇಳಿಸೋಕೆ ಹೊರಗೆ 100 ಡಿಬಿ ಮೀರಿ ಅಟೆನ್ಯುಯೇಷನ್ ಬೇಕು. ಅಷ್ಟರಲ್ಲಿ ಪ್ಲಾಸ್ಟಿಕ್ ಕವಚದಿಂದಲೇ ಸಿಗ್ನಲ್ ಸೋರಿ ರಿಸೀವರ್ ಸೇರಿರುತ್ತೆ.

ಸಣ್ಣಪರದೆ
ಸೂಕ್ಷ್ಮತೆ ಬಿಡಿ, ಅವರಿಗೆ ಬೇಕಿರೋದು ಲೋ ಪಾಸ್ ಫಿಲ್ಟರ್ ಆದ್ಮೇಲೆ ಹಾರ್ಮಾನಿಕ್ ಎಷ್ಟು ಕೆಳಗಿದೆ ಅನ್ನೋದು. ಅದಕ್ಕೆ ಟೈನಿಎಸ್‌ಎ ಸಾಕು.

ಐವತ್ತು_ಓಮ್
ಸಾಕು, ಆದರೆ +10 ಡಿಬಿಎಂ ಮೀರಿ ಒಳಗೆ ಬಿಡಬಾರದು. ಮೇಲೆ ಹೇಳಿದ ಸ್ಯಾಂಪ್ಲರಿನಿಂದ 100 ವ್ಯಾಟ್‌ಗೆ ಸರಿಯಾಗಿ +10 ಬರುತ್ತೆ, ಅಂದ್ರೆ ಅಂಚಿನಲ್ಲೇ ನಿಂತಹಾಗೆ. ಇನ್ನೂ 30 ಡಿಬಿ ಹಾಕಿ.

ಯಾವ ಅನಲೈಜರ್ ಆದರೂ ಈ ಪರೀಕ್ಷೆ ತಪ್ಪಿಸಬೇಡಿ: ಹಾರ್ಮಾನಿಕ್ ಕಂಡಾಗ ಕೇಬಲ್‌ನಲ್ಲಿ ಹೊರಗಿನಿಂದ ಇನ್ನೊಂದು 10 ಡಿಬಿ ಪ್ಯಾಡ್ ಸೇರಿಸಿ. ಮೂಲ ಸಿಗ್ನಲ್ 10 ಇಳಿದು ಹಾರ್ಮಾನಿಕ್ಕೂ 10 ಇಳಿದರೆ ಅದು ನಿಮ್ಮ ಟ್ರಾನ್ಸ್‌ಮಿಟರಿನದ್ದೇ. ಎರಡನೇ ಹಾರ್ಮಾನಿಕ್ 20 ಇಳಿಯಿತೋ, ಮೂರನೆಯದು 30 ಇಳಿಯಿತೋ, ಅದು ಅನಲೈಜರಿನ ಮಿಕ್ಸರ್ ಒಳಗೇ ಹುಟ್ಟಿದ್ದು. ಎಷ್ಟೋ ಜನ ಇಲ್ಲದ ಹಾರ್ಮಾನಿಕ್ ಹಿಡಿಯೋಕೆ ಫಿಲ್ಟರ್ ಕಾಯಿಲ್ ಬಿಚ್ಚಿ ಬಿಚ್ಚಿ ಸುತ್ತುತ್ತಾ ಕೂತಿರ್ತಾರೆ.

ಹಳೇಮಾಪಕ
ಬರ್ಡ್ 43 ಬಗ್ಗೆ ಯಾರೂ ಹೇಳಲಿಲ್ಲ. ಅದರ ನಿಖರತೆ 5 ಶೇಕಡಾ ಅಂತ ಎಲ್ಲರೂ ಹೇಳ್ತಾರೆ, ಪೂರ್ಣ ಸ್ಕೇಲಿನ 5 ಶೇಕಡಾ ಅನ್ನೋದನ್ನ ನುಂಗಿಬಿಡ್ತಾರೆ. 100ಎಚ್ ಸ್ಲಗ್‌ನಲ್ಲಿ ಮುಳ್ಳು ಎಲ್ಲೇ ಇರಲಿ, 5 ವ್ಯಾಟ್ ಆಚೀಚೆ. ನಿಮ್ಮ 5 ವ್ಯಾಟ್ ರಿಗ್‌ಗೆ ಅದು ಸೊನ್ನೆಯನ್ನೂ ತೋರಿಸಬಹುದು, ಹತ್ತನ್ನೂ ತೋರಿಸಬಹುದು, ಎರಡೂ ನಿಯಮದ ಒಳಗೇ! ಲೀನಿಯರ್ ಬಂದ ಮೇಲೆ ಮಾತ್ರ ಅದು ಉಪಯೋಗಕ್ಕೆ ಬರೋದು.

ಸ್ಲಗ್ ಮೇಲಿನ ಅಕ್ಷರ ನೋಡಿ ತಗೊಳ್ಳಿ. ಎಚ್ ಅಂದ್ರೆ 2ರಿಂದ 30 ಮೆಗಾಹರ್ಟ್ಸ್, ಎ 25ರಿಂದ 60, ಬಿ 50ರಿಂದ 125, ಸಿ 100ರಿಂದ 250, ಡಿ 200ರಿಂದ 500. ಎಚ್ ಸ್ಲಗ್ ಹಾಕಿ 2 ಮೀಟರ್‌ನಲ್ಲಿ ಅಳೆದು "ಮೀಟರ್ ಕೆಟ್ಟಿದೆ" ಅನ್ನೋರು ಈಗಲೂ ಇದ್ದಾರೆ.

ಪರೀಕ್ಷೆ ಸುಲಭ. ಒಳ್ಳೆ ಡಮ್ಮಿ ಲೋಡ್ ಹಾಕಿ ಮುಂದಕ್ಕೆ ಓದಿ, ಸ್ಲಗ್ ಅರ್ಧ ಸುತ್ತು ತಿರುಗಿಸಿ ಹಿಂದಕ್ಕೆ ಓದಿ. ಹಿಂದಕ್ಕೆ ಮುಳ್ಳು ಏಳಬಾರದು. ಸ್ಲಗ್ ಕೂರೋ ಗುಂಡಿಯ ಒಳಗೆ ಒಂದು ಸ್ಪ್ರಿಂಗ್ ಬೆರಳಿರುತ್ತೆ, ಅದು ಕಪ್ಪಾಗಿದ್ದರೆ ಓದು ನಡುಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು, ಉಪ್ಪುಕಾಗದ ಹಾಕಬೇಡಿ.

ಬೀಟ್‌ನೋಟ್
ಹಾಗಾದ್ರೆ 5 ವ್ಯಾಟ್ ಅಳೆಯೋದು ಹೇಗೆ?

ಹಳೇಮಾಪಕ
50 ಓಮ್ ಲೋಡ್, ಒಂದು 1ಎನ್4148 ಡಯೋಡ್, 10 ನ್ಯಾನೊಫ್ಯಾರಡ್ ಕೆಪಾಸಿಟರ್, ನಿಮ್ಮ ಮಲ್ಟಿಮೀಟರ್. ಡಿಸಿ ವೋಲ್ಟೇಜ್‌ಗೆ 0.6 ಕೂಡಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. 21.8 ವೋಲ್ಟ್ ಬಂತು ಅಂದ್ರೆ 22.4ರ ವರ್ಗ ಸುಮಾರು 500, ಅಂದ್ರೆ 5 ವ್ಯಾಟ್. ಈ ಜೋಡಣೆಯಲ್ಲಿ ಡಯೋಡ್ ಮೇಲೆ ಪೀಕ್‌ನ ಎರಡರಷ್ಟು ಹಿಮ್ಮುಖ ವೋಲ್ಟೇಜ್ ಬೀಳುತ್ತೆ. 10 ವ್ಯಾಟ್ ಮೀರಿದರೆ 4148ರ ಕತೆ ಮುಗೀತು ಅಂದ್ಕೊಳ್ಳಿ.

ಕೋಯಾಕ್ಸ್_ಪ್ರಿಯ
ಸ್ಕೋಪ್‌ನಲ್ಲೇ ನೋಡಬಹುದಲ್ವಾ? 100 ವ್ಯಾಟ್‌ಗೆ 50 ಓಮ್ ಮೇಲೆ 70 ವೋಲ್ಟ್ ತಾನೆ.

ಐವತ್ತು_ಓಮ್
70.7 ಅನ್ನೋದು ಆರ್‌ಎಂಎಸ್. ಪರದೆ ಮೇಲೆ ಕಾಣೋದು ತುದಿಯಿಂದ ತುದಿಗೆ 200 ವೋಲ್ಟ್. 10ಎಕ್ಸ್ ಪ್ರೋಬ್ ಮೇಲೆ 600 ವೋಲ್ಟ್ ಅಂತ ಅಚ್ಚಾಗಿದ್ದರೂ ಅದು ಡಿಸಿ ಮತ್ತು ಕಡಿಮೆ ಫ್ರೀಕ್ವೆನ್ಸಿಗೆ. ಮೆಗಾಹರ್ಟ್ಸ್ ಏರಿದಂತೆ ತಾಳುವ ವೋಲ್ಟೇಜ್ ಜರ್ರನೆ ಇಳಿಯುತ್ತೆ, ಪ್ರೋಬಿನ ಕೈಪಿಡಿಯಲ್ಲಿ ಗೆರೆ ಎಳೆದು ತೋರಿಸಿರ್ತಾರೆ. ಜೊತೆಗೆ ಪ್ರೋಬ್ ತುದಿಯ 10 ಪಿಕೋಫ್ಯಾರಡ್ 30 ಮೆಗಾಹರ್ಟ್ಸ್‌ನಲ್ಲಿ ಸುಮಾರು 530 ಓಮ್. ಲೋಡಿನ ಮೇಲೆ ಪರವಾಗಿಲ್ಲ, ಟ್ಯೂನ್ಡ್ ಸರ್ಕ್ಯೂಟ್ ಮೇಲಿಟ್ಟರೆ ಟ್ಯೂನಿಂಗೇ ಎದ್ದುಹೋಗುತ್ತೆ. ಪವರ್‌ಗೆ ಸ್ಯಾಂಪ್ಲರ್ ಹಾಕಿ, ಸ್ಕೋಪ್ ಕಡೆ 50 ಓಮ್ ಟರ್ಮಿನೇಟರ್ ಇಡಿ. 465ರ ಇನ್‌ಪುಟ್ 1 ಮೆಗಾಓಮ್, ಅದನ್ನ ಮರೆತರೆ ಓದು ಎರಡರಷ್ಟಾಗುತ್ತೆ.

ಬ್ಯಾಂಡ್‌ವಿಡ್ತ್ ಕೂಡ ನೆನಪಿರಲಿ. 100 ಮೆಗಾಹರ್ಟ್ಸ್ ಸ್ಕೋಪ್ ಅಂದ್ರೆ 100ರಲ್ಲಿ ವೋಲ್ಟೇಜ್ 70 ಶೇಕಡಾ ಮಾತ್ರ ಕಾಣುತ್ತೆ, ಅಂದ್ರೆ ಪವರ್ ಅರ್ಧ. 30 ಮೆಗಾಹರ್ಟ್ಸ್‌ನಲ್ಲಿ ತಪ್ಪು 4–5 ಶೇಕಡಾ ಒಳಗೆ.

ಬೆಸುಗೆಹೊಗೆ
ಎಲ್ಲಾ ಸರಿ ಐತಿ, ಆದ್ರ ಪ್ಲಗ್ ಹಾಕೂ ಮುಂಚೆ ಏನ್ ನೋಡಬೇಕು ಅಂತ ಒಬ್ರೂ ಹೇಳವಲ್ರಿ.

ಮೊದಲ, ಹಿಂದಿನ ವೋಲ್ಟೇಜ್ ಸೆಲೆಕ್ಟರ್. ಎಚ್‌ಪಿ ಉಪಕರಣದಾಗ ಫ್ಯೂಸ್ ಪಕ್ಕ ಒಂದು ಸಣ್ಣ ಸರ್ಕ್ಯೂಟ್ ಕಾರ್ಡ್ ಇರತೈತಿ. ಅದನ್ನ ತಗದು ತಿರುಗಿಸಿ ಹಾಕಿದ್ರ 120, 240 ಬದಲಾಗತೈತಿ. 120ಕ್ಕ ಇಟ್ಟಿದ್ದಕ್ಕ 230 ಕೊಟ್ರ ಫ್ಯೂಸ್ ಹಾರಿದ್ರ ಪುಣ್ಯ, ಹಾರಲಿಲ್ಲಂದ್ರ ಟ್ರಾನ್ಸ್‌ಫಾರ್ಮರ್ ಹೋತು.

ಎರಡನೇದು, ರಿಫಾ ಕಂಪನಿಯ ಕೆಪಾಸಿಟರ್. ಹಳದಿ ಪಾರದರ್ಶಕ ಡಬ್ಬಿ, ಮೈತುಂಬ ಸಣ್ಣ ಬಿರುಕು. ಒಳಗ ಕಾಗದ, ಬಿರುಕಿನಿಂದ ತೇವ ಹೀರಿಕೊಂಡು ಮೇನ್ಸ್ ಮ್ಯಾಲೆ ಕುಂತಿರತೈತಿ. ಆನ್ ಮಾಡಿ ಹತ್ತು ನಿಮಿಷಕ್ಕ ಪಟಾರ್ ಅಂತ ಒಡದು ಮನಿ ತುಂಬ ಹೊಗಿ. ಉಪಕರಣ ಕೆಡಂಗಿಲ್ಲ, ನಾತ ಮಾತ್ರ ವಾರ ಇರತೈತಿ. ಕಂಡ ಕೂಡ್ಲೆ ತಗದು ಅಷ್ಟೇ ಕೆಪಾಸಿಟೆನ್ಸ್ ಇರೂ ಎಕ್ಸ್2 (ಮೇನ್ಸ್ ತಂತಿಗಳ ನಡುವ ಹಾಕೂ ಸುರಕ್ಷತಾ ದರ್ಜೆ) ಫಿಲ್ಮ್ ಕೆಪಾಸಿಟರ್ ಹಾಕ್ರಿ. ಮೇನ್ಸ್‌ನಿಂದ ಗ್ರೌಂಡಿಗೆ ಹೋಗಿದ್ರ ವೈ ದರ್ಜೆದು ಬೇಕು, ಎಕ್ಸ್ ಅಲ್ಲ.

ಮೂರನೇದು, 60 ಅಥವಾ 100 ವ್ಯಾಟಿನ ಬಲ್ಬ್ ಸರಣಿಯೊಳಗ ಇಟ್ಟು (ಕರೆಂಟ್ ಮಿತಿಯೊಳಗ ಇರಲಿ ಅಂತ) ಆನ್ ಮಾಡ್ರಿ.

ಝೀರೋಬೀಟ್
ಬಲ್ಬ್ ಎಲ್ಲದಕ್ಕೂ ಅಲ್ಲ. ಟ್ರಾನ್ಸ್‌ಫಾರ್ಮರ್ ಇರೋ ಲೀನಿಯರ್ ಸಪ್ಲೈಗೆ ಸರಿ. ಸ್ವಿಚಿಂಗ್ ಸಪ್ಲೈ ಇರೋದಕ್ಕೆ ಬಲ್ಬ್ ಹಾಕಿದರೆ ಅದು ಎದ್ದು ಬಿದ್ದು ಎದ್ದು ಬಿದ್ದು ಟಿಕ್ ಟಿಕ್ ಅನ್ನುತ್ತೆ. ಚೆನ್ನಾಗಿರೋದೂ ಕೆಟ್ಟ ಹಾಗೆ ಕಾಣುತ್ತೆ.

ಬೆಸುಗೆಹೊಗೆ
ಖರೇ ಐತಿ. 465ಕ್ಕ, 8640ಕ್ಕ ಬಲ್ಬ್ ನಡೀತೈತಿ, ಸ್ವಿಚಿಂಗ್ ಸಪ್ಲೈ ಇರೂ ಟೆಕ್ಟ್ರಾನಿಕ್ಸ್ 2465 ಸ್ಕೋಪಿಗೆ ಬ್ಯಾಡ.

ಇನ್ನೊಂದು ಮಾತು, ಇದು ಚಲೋತ್ನ್ಯಾಗ ಕೇಳ್ರಿ. ದೊಡ್ಡ ಆರ್‌ಎಫ್ ರೆಸಿಸ್ಟರ್, ಪವರ್ ಟ್ರಾನ್ಸಿಸ್ಟರ್ ಒಳಗ ಬಿಳಿ ಸೆರಾಮಿಕ್ ಕಂಡ್ರ ಅದು ಬೆರಿಲಿಯಂ ಆಕ್ಸೈಡ್ ಇರಬಹುದು. ಒಡೀಬ್ಯಾಡ್ರಿ, ಕೆರೀಬ್ಯಾಡ್ರಿ, ಅರ ಹಾಕಬ್ಯಾಡ್ರಿ. ಪುಡಿ ಉಸಿರೊಳಗ ಹೋದ್ರ ಪುಪ್ಪುಸಕ್ಕ ಕಾಯಂ ಗಾಯ. ಹಳೆ ಎಣ್ಣಿ ತುಂಬಿದ ಡಮ್ಮಿ ಲೋಡ್ ಸೋರ್ತಿದ್ರ ಮುಟ್ಟಲಾರದ ಬಿಟ್ಟು ಬರ್ರಿ. ಯಾವ ಎಣ್ಣಿ ಅಂತ ಬರದಿರದಿದ್ರ ಪಿಸಿಬಿ ರಾಸಾಯನಿಕ ಇರೂ ಸಾಧ್ಯತೆ ಐತಿ.

ಕೋಯಾಕ್ಸ್_ಪ್ರಿಯ
ಪಿಸಿಬಿ ಅಂದ್ರೆ ಸರ್ಕ್ಯೂಟ್ ಬೋರ್ಡ್ ಅಲ್ವಾ? 😄

ಬೆಸುಗೆಹೊಗೆ
ಪಾಲಿಕ್ಲೋರಿನೇಟೆಡ್ ಬೈಫಿನೈಲ್ ರೀ. ಬೋರ್ಡ್ ಅಲ್ಲ.

ಝೀರೋಬೀಟ್
465 ನೋಡೋ ಕ್ರಮ: ಮುಂದಿನ 1 ಕಿಲೋಹರ್ಟ್ಸ್ ಕ್ಯಾಲಿಬ್ರೇಟರ್‌ಗೆ ಪ್ರೋಬ್ ಸಿಕ್ಕಿಸಿ, ಎರಡೂ ಚಾನೆಲ್, ಪ್ರತಿ ವೋಲ್ಟ್ಸ್/ಡಿವಿಷನ್ ಹಂತ. ಸ್ವಿಚ್ ತಿರುಗಿಸೋವಾಗ ಗೆರೆ ಹಾರಿದರೆ ಬರೀ ಕೊಳೆ, ಆದರೆ ಒಂದೇ ಹಂತದಲ್ಲಿ ಎತ್ತರ ತಪ್ಪಿದರೆ ಅಟೆನ್ಯುಯೇಟರ್ ಪೆಟ್ಟು ತಿಂದಿದೆ. ಗೆರೆ ಇಲ್ಲವೇ ಇಲ್ಲ ಅಂದ್ರೆ ಬೀಮ್ ಫೈಂಡರ್ ಒತ್ತಿ. ಪರದೆಯಲ್ಲಿ ಎಲ್ಲೋ ಒಂದು ಚುಕ್ಕೆ ಬಂದರೆ ಟ್ಯೂಬ್ ಜೀವಂತ, ಸಾಮಾನ್ಯವಾಗಿ ಯಾವುದೋ ಸಪ್ಲೈ ಸಾಲಿನ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿರುತ್ತೆ. +55, +15, +5, −8 ಸಾಲುಗಳಿಂದ ಗ್ರೌಂಡ್‌ಗೆ ಓಮ್ ನೋಡಿದರೆ ತಪ್ಪಿತಸ್ಥ ಯಾವುದು ಅಂತ ಗೊತ್ತಾಗುತ್ತೆ.

2465ಬಿ ಸಿಕ್ಕರೆ ಬೇರೆ ಗೋಳು. ಕೆಲವದರಲ್ಲಿ ಕ್ಯಾಲಿಬ್ರೇಷನ್ ಅಂಕಿಗಳು ಡಲ್ಲಾಸ್ ಡಿಎಸ್1225ವೈ ಚಿಪ್‌ನಲ್ಲಿರುತ್ತವೆ, ಬ್ಯಾಟರಿ ಚಿಪ್ಪಿನ ಹೊಟ್ಟೆಯಲ್ಲೇ. ಅದು ಸಾಯೋ ಮುಂಚೆ ಬಿಚ್ಚಿ ಪ್ರೋಗ್ರಾಮರ್‌ನಲ್ಲಿ ಓದಿ, ಕಡತ ಎರಡು ಕಡೆ ಉಳಿಸಿ, ಹೊಸದಕ್ಕೆ ಬರೆಯಿರಿ. ಎಚ್‌ಪಿ 8590 ಸರಣಿಯ ಅನಲೈಜರ್‌ಗಳಲ್ಲೂ ತಿದ್ದುಪಡಿ ಅಂಕಿಗಳು ಬ್ಯಾಟರಿ ಮೇಲೆ ನಿಂತ ಮೆಮೊರಿಯಲ್ಲಿ. ಬೆಸುಗೆ ಕಡ್ಡಿ ಹಿಡಿದು ಹಳೆ ಸೆಲ್ ಕಿತ್ತ ಕ್ಷಣವೇ ಎಲ್ಲಾ ಅಳಿಸಿಹೋಗುತ್ತೆ. ಹೊರಗಿನಿಂದ ಡಯೋಡ್ ಮೂಲಕ ಅಷ್ಟೇ ವೋಲ್ಟೇಜ್ ಕೊಟ್ಟು, ಅರ್ತ್ ಇಲ್ಲದ ಬೆಸುಗೆ ಕಡ್ಡಿಯಿಂದ ಬದಲಾಯಿಸಬೇಕು.

ಬೀಟ್‌ನೋಟ್
ಇಷ್ಟು ತಲೇಲಿ ಇಟ್ಕೊಂಡು ಹೋಗ್ತೀನಿ. 8640ರ ಅಟೆನ್ಯುಯೇಟರ್ ಸುಟ್ಟಿದೆಯಾ ಅಂತ ಮಲ್ಟಿಮೀಟರ್‌ನಲ್ಲೇ ಗೊತ್ತಾಗುತ್ತಾ?

ಐವತ್ತು_ಓಮ್
ಬಹಳ ಮಟ್ಟಿಗೆ ಗೊತ್ತಾಗುತ್ತೆ. ಉಪಕರಣ ಆಫ್ ಇರಲಿ, ಆರ್‌ಎಫ್ ಔಟ್‌ಪುಟ್‌ಗೆ ಓಮ್ ಮೀಟರ್ ಹಿಡಿದು ಹಂತಗಳನ್ನು ತಿರುಗಿಸಿ. ಪ್ಯಾಡಿನ ಆಚೆ ತುದಿ ಓಪನ್ ಇರಲಿ ಶಾರ್ಟ್ ಇರಲಿ, 10 ಡಿಬಿ ಸೇರಿದಾಗ ಓದು 41ರಿಂದ 61 ಓಮ್ ನಡುವೆ ಬರಬೇಕು. 20 ಡಿಬಿಗೆ 49ರಿಂದ 51. ಅದಕ್ಕಿಂತ ಮೇಲೆ ಎಲ್ಲವೂ 50 ಸುತ್ತಮುತ್ತ. ಯಾವುದೋ ಹಂತದಲ್ಲಿ 80, 300, ಓಪನ್ ಅಂತ ಬಂದರೆ ಆ ಪ್ಯಾಡ್ ಸುಟ್ಟಿದೆ. ಯಾರೋ ಟ್ರಾನ್ಸೀವರ್ ಜೋಡಿಸಿಟ್ಟು ಮೈಕ್ ಒತ್ತಿರ್ತಾರೆ, ಅದೇ ಕಾರಣ. 8640ಬಿಯಲ್ಲಿ ಹಿಮ್ಮುಖ ಪವರ್ ರಕ್ಷಣೆ ಆಪ್ಷನ್ 003, ಹಿಂದೆ ಚೀಟಿಯಲ್ಲಿ ಬರೆದಿದೆಯಾ ನೋಡಿ. ಔಟ್‌ಪುಟ್‌ನಲ್ಲಿ ಡಿಸಿ ತಡೆಯೋ ಕೆಪಾಸಿಟರ್ ಇರೋ ಉಪಕರಣಗಳಲ್ಲಿ ಈ ಉಪಾಯ ನಡೆಯಲ್ಲ, ಎಲ್ಲಾ ಹಂತದಲ್ಲೂ ಓಪನ್ ತೋರಿಸುತ್ತೆ. ಪವರ್ ಮೀಟರಿನ ಥರ್ಮಿಸ್ಟರ್ ಹೆಡ್‌ಗಂತೂ ಓಮ್ ಮೀಟರ್ ಮುಟ್ಟಿಸಲೇಬೇಡಿ.

ಹಳೇಮಾಪಕ
ಎನ್ ಕನೆಕ್ಟರ್ ಒಳಗೂ ಒಂದು ಸಲ ಟಾರ್ಚ್ ಬಿಡಿ. 75 ಓಮ್ ಎನ್ ಕೂಡ ಉಂಟು ಮಾರಾಯ್ರೇ, ಅದರ ನಡುವಿನ ಪಿನ್ನು ತೆಳು. 50 ಓಮಿನ ದಪ್ಪ ಪಿನ್ನನ್ನು 75ರ ಹೆಣ್ಣಿಗೆ ತುರುಕಿದರೆ ಬೆರಳುಗಳು ಹಿಗ್ಗಿ ಹಾಳು. ತಿರುವುಮುರುವಾದರೆ ಮುಟ್ಟಿಯೂ ಮುಟ್ಟದ ಹಾಗೆ ಇರುತ್ತೆ, ಓದು ಕುಣಿಯುತ್ತೆ.

ಕೋಯಾಕ್ಸ್_ಪ್ರಿಯ
ಜನರೇಟರ್ ಬಂದ ಮೇಲೆ ಒಂದು ಗೊಂದಲ ಖಂಡಿತ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಮಾರ್ಕೋನಿ ಥರದ ಕೆಲವು ಜನರೇಟರ್‌ಗಳಲ್ಲಿ ಮೈಕ್ರೋವೋಲ್ಟ್ ಅನ್ನು ಇಎಂಎಫ್ ಲೆಕ್ಕದಲ್ಲಿ ಬರೆದಿರ್ತಾರೆ, ಅಂದ್ರೆ ಲೋಡ್ ಇಲ್ಲದಾಗಿನ ವೋಲ್ಟೇಜ್. 50 ಓಮ್ ಲೋಡ್ ಮೇಲೆ ಅದರ ಅರ್ಧ, ಸರಿಯಾಗಿ 6 ಡಿಬಿ. ರಿಸೀವರ್ 0.2 ಮೈಕ್ರೋವೋಲ್ಟ್ ಅಂದ್ರೆ −121 ಡಿಬಿಎಂ. ಇನ್ನೊಬ್ಬರ ಅಳತೆಗಿಂತ ನಿಮ್ಮದು ಪಕ್ಕಾ 6 ಡಿಬಿ ವ್ಯತ್ಯಾಸ ಬಂದರೆ ಬೆಸುಗೆ ಕಡ್ಡಿ ಬಿಸಿ ಮಾಡೋ ಮುಂಚೆ ಡಯಲ್ ಪಕ್ಕ ಏನು ಬರೆದಿದೆ ಓದಿ.

ಗೇರುಪೆಟ್ಟಿಗೆ
ಹೌದು. ಸೋರಿಕೆಯೂ ನೋಡಬೇಕು. ಜನರೇಟರ್ −130ಕ್ಕೆ ಇಟ್ಟು, ಕೇಬಲ್ ಕಳಚಿ ಎರಡೂ ಕಡೆ 50 ಓಮ್ ಟರ್ಮಿನೇಟರ್ ಹಾಕಿ. ಆಗಲೂ ರಿಸೀವರ್‌ನಲ್ಲಿ ಸ್ವರ ಕೇಳಿಸಿದರೆ ಕವಚದ ಸ್ಕ್ರೂ ಎಣಿಸಿ, ಅರ್ಧ ಇರಲ್ಲ. ಕೇಬಲ್ ಆರ್‌ಜಿ-58 ಬೇಡ, ಎರಡು ಹೆಣಿಗೆಯ ಆರ್‌ಜಿ-223 ಅಥವಾ ಆರ್‌ಜಿ-400 ತಗೊಳ್ಳಿ.

ಸಣ್ಣಪರದೆ
20 ಕಿಲೋ, ಫ್ಯಾನ್ ಸದ್ದು, ಸೀಳಿದ ಗೇರು, ಸ್ಕ್ರೂ ಎಣಿಕೆ... ನಾನು ಜೇಬಿನದ್ದೇ ಇಟ್ಕೊಳ್ತೀನಪ್ಪ.

ಗೇರುಪೆಟ್ಟಿಗೆ
ಚಳಿಗಾಲದಲ್ಲಿ ನಿಮ್ಮದು ಬಿಸಿ ಕೊಡಲ್ಲ, ಅದೊಂದು ಕೊರತೆ.

ಬೀಟ್‌ನೋಟ್
ನೋಡಿ ಬಂದೆ. ಗೇರು ಎಲ್ಲಾ ರೇಂಜಿನಲ್ಲೂ ಸರಿ ಕೂರ್ತಿದೆ. ಓಮ್ ಓದು: 10 ಡಿಬಿಗೆ 58, 20ಕ್ಕೆ 51, 30ಕ್ಕೆ 50. ಆದ್ರೆ 40ರಿಂದ ಮುಂದೆ ಓಪನ್. ಹಿಂದೆ 003 ಅಂತ ಬರೆದಿಲ್ಲ.

ಐವತ್ತು_ಓಮ್
40ರ ಪ್ಯಾಡ್ ಹೋಗಿದೆ. ಉಳಿದ ಪ್ಯಾಡ್‌ಗಳು ಬದುಕಿವೆ, ಅಂದ್ರೆ ಯಾರೋ ಕಡಿಮೆ ಮಟ್ಟಕ್ಕೆ ಇಟ್ಟಿದ್ದಾಗ ಹಿಂದಿನಿಂದ ಪವರ್ ನುಗ್ಗಿದೆ. ಬೆಲೆ ಇಳಿಸಿದರೆ ತಗೊಳ್ಳಿ. 30ರವರೆಗೆ ಒಳಗಿನ ಹಂತ, ಅದರಾಚೆಗೆ ಹೊರಗಡೆ 20, 30, 40 ಡಿಬಿಯ ಪುಟ್ಟ ಪ್ಯಾಡ್‌ಗಳನ್ನು ಸಾಲಾಗಿ ರಿಸೀವರ್ ಬದಿಗೇ ತಿರುಗಿಸಿ ಕೂರಿಸಿ. ಕೇಬಲ್ ಸೋರಿಕೆಯೂ ಆಗ ಅಷ್ಟು ಕಾಡಲ್ಲ. ಇಳಿಸಲ್ಲ ಅಂದ್ರೆ ಡಮ್ಮಿ ಲೋಡ್ ಇದೆಯಾ ಕೇಳಿ.